ಜೇನಿನ ಗುಣ ಅಳತೆಯಲ್ಲಿದೆ

(ನಮ್ಮ ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕಾಸರಗೋಡಿನಲ್ಲಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಸಲದ ವಾರ್ಷಿಕೋತ್ಸವದಲ್ಲಿ ಸಾಹಿತ್ಯ ಗೋಷ್ಠಿಯ ಜೊತೆಗೆ ಒಂದು ಆರೋಗ್ಯ ಗೋಷ್ಠಿಯನ್ನೂ ಏರ್ಪಡಿಸಿದ್ದೇವೆ, ಅದರಲ್ಲಿ ತಾವು ಜೇನಿನ ವಿಷಯವಾಗಿ ನಾಲ್ಕು ಮಾತು ಆಡಬೇಕು ಎಂದು ಸಂಘದ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು ಕೇಳಿದಾಗ ನಾನು ಸ್ವಲ್ಪ ಹಿಂಜರಿದೆ. ನಾನು ವೈದ್ಯನಲ್ಲ. ಮೂವತ್ತೊಂದು ವರ್ಷ ಈ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ತಂದೆಯವರ ಕಾಲದಿಂದಲೂ ನಮ್ಮ ಅಡಿಕೆ ತೋಟದಲ್ಲಿ ಜೇನು ಪೆಟ್ಟಿಗೆಗಳಿದ್ದವು. ಈಗಲೂ ಹದಿನಾಲ್ಕು ಇವೆ. ಮನೆಯ ಖರ್ಚಿಗೆ ಮಿಕ್ಕಿದ ಜೇನನ್ನು ಮಾರುತ್ತೇನೆ. ಹೀಗೆ ಜೇನನ್ನು ಸಾಕುವವನೂ, ತಿನ್ನುವವನೂ, ಮಾರುವವನೂ ಆದ ನನಗೆ ಜೇನಿನ ಗುಣಗಾನ ಮಾಡುವುದು ಕಷ್ಟವಲ್ಲ. ಆದರೆ ಕಾರ್ಯದರ್ಶಿಗಳು ಕೊಟ್ಟ ವಿಷಯ ಬರಿಯ ಗುಣಗಾನದ್ದಲ್ಲ. ಆರೋಗ್ಯಕರವಾದ ಆಹಾರದಲ್ಲಿ, ವಿಶೇಷವಾಗಿ ಮೈಯ ತೂಕವನ್ನು ಹದದಲ್ಲಿಟ್ಟುಕೊಳ್ಳುವುದರಲ್ಲಿ, ಜೇನಿನ ಸ್ಥಾನವೇನು ಎಂಬುದನ್ನು ಹೇಳಬೇಕೆಂದು ಅವರ ಅಪೇಕ್ಷೆ. ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾನು ತಮ್ಮೆಲ್ಲರ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟುಕೊಂಡಿರುವ ಸ್ನೇಹಿತರೊಬ್ಬರಿದ್ದಾರೆ. ದಿನವಿಡೀ ಕುಳಿತೇ ಮಾಡುವ ವ್ಯಾಪಾರ. ಐವತ್ತು ದಾಟುವಷ್ಟರಲ್ಲಿ ಹೊಟ್ಟೆ ಮುಂದಕ್ಕೆ ಬಂದಿತ್ತು. ಒಂದು ದಿನ ನಮ್ಮ ಮನೆಗೆ ಬಂದು, "ಮಾಷ್ಟ್ರೇ, ಬೆಳಿಗ್ಗೆ ಬರಿಹೊಟ್ಟೆಗೆ ಬಿಸಿನೀರಿನಲ್ಲಿ ಜೇನು ಬೆರೆಸಿ ಕುಡಿದರೆ ಕೊಬ್ಬು ಕರಗುತ್ತದಂತೆ. ತಮ್ಮಲ್ಲಿ ಶುದ್ಧ ಜೇನಿದೆ. ತಿಂಗಳಿಗೆ ಎರಡೂವರೆ ಕಿಲೋ ಬೇಕು" ಎಂದರು. ಕೊಬ್ಬು ಕರಗುವುದು ನಿಜವೇ ಎಂದು ಅವರು ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಒಳ್ಳೆಯ ಗಿರಾಕಿ ಸಿಕ್ಕಿದರೆಂದು ಸಂತೋಷಪಟ್ಟೆ. ಬೆಳಿಗ್ಗೆ ಎರಡು ದೊಡ್ಡ ಚಮಚ, ರಾತ್ರಿ ಎರಡು ದೊಡ್ಡ ಚಮಚ, ಹೀಗೆ ಎಂಟು ತಿಂಗಳು ಅವರು ಜೇನುನೀರನ್ನು ನಿಷ್ಠೆಯಿಂದ ಕುಡಿದರು. ಜೇನು ತನ್ನ ಕೆಲಸ ಮಾಡುತ್ತದೆಂಬ ಭರವಸೆಯಿಂದ ಸಂಜೆಯ ನಡಿಗೆಯನ್ನು ಬಿಟ್ಟರು. ಚಹಾದ ಸಕ್ಕರೆಯನ್ನು ಮಾತ್ರ ಬಿಡಲಿಲ್ಲ. ನಡುನಡುವೆ ಬಾಯಾರಿಕೆ ಹೆಚ್ಚಾಯಿತು, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಯಿತು. ಅದೆಲ್ಲ ಮೈ ಶುದ್ಧಿಯಾಗುವ ಲಕ್ಷಣವೆಂದೇ ಅವರು ತಿಳಿದರು. ಕೊನೆಗೆ ಕಾಲಿನ ಸಣ್ಣ ಗಾಯವೊಂದು ಮಾಯದೆ ಹೋದಾಗ ವೈದ್ಯರಲ್ಲಿಗೆ ಹೋದರು. ತೂಕ ನಾಲ್ಕು ಕಿಲೋ ಏರಿತ್ತು. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು.

ವೈದ್ಯರು ನ್ಯಾಯವಾಗಿಯೇ ಮಾತನಾಡಿದರಂತೆ: "ಜೇನೇ ಈ ಕಾಯಿಲೆಯನ್ನು ತಂದಿತೆಂದು ನಾನು ಹೇಳಲಾರೆ. ಅದು ಮೊದಲೇ ಮೊಳೆತಿರಬೇಕು. ಆದರೆ ಎಂಟು ತಿಂಗಳು ನೀವು ಅದಕ್ಕೆ ಗೊಬ್ಬರ ಹಾಕಿದಿರಿ." ಈ ಮಾತನ್ನು ಸ್ನೇಹಿತರು ನನಗೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಆ ಗೊಬ್ಬರವನ್ನು ತೂಗಿ ಕೊಟ್ಟವನು ನಾನು. ಅದರ ಹಣ ನನ್ನ ಪೆಟ್ಟಿಗೆಯಲ್ಲಿತ್ತು. ಅಂದಿನಿಂದ ಈ ವಿಷಯವನ್ನು ಕುರಿತು ಓದಿದೆ, ಬಲ್ಲವರನ್ನು ಕೇಳಿದೆ. ಇಂದು ಆಡುವ ಮಾತು ಆ ದಿನ ಆಡದೆ ಉಳಿಸಿಕೊಂಡ ಮಾತು ಎಂದು ತಾವು ಭಾವಿಸಬೇಕು.

ಮೊದಲು, ಜೇನು ಎಂದರೇನು ಎಂಬುದನ್ನು ನೋಡೋಣ. ಹೂವಿನ ಮಕರಂದವೆಂದರೆ ಬಹಳಷ್ಟು ನೀರಿನಲ್ಲಿ ಕರಗಿದ ಸಕ್ಕರೆ. ಹುಳು ಅದನ್ನು ತನ್ನ ಒಡಲಿನ ಪುಟ್ಟ ಚೀಲದಲ್ಲಿ ತುಂಬಿಕೊಂಡು ಗೂಡಿಗೆ ಬರುತ್ತದೆ. ಅಲ್ಲಿ ಅದು ಒಂದು ಹುಳುವಿನ ಬಾಯಿಂದ ಇನ್ನೊಂದರ ಬಾಯಿಗೆ ದಾಟುತ್ತದೆ. ಈ ದಾಟುವಿಕೆಯಲ್ಲಿ ಹುಳುವಿನ ಜೊಲ್ಲಿನಲ್ಲಿರುವ ಕಿಣ್ವವೊಂದು ಸೇರಿ, ಮಕರಂದದ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಬಳಿಕ ಎರಿಯ ಕೋಶಗಳಲ್ಲಿ ತುಂಬಿ, ರಾತ್ರಿಯೆಲ್ಲ ರೆಕ್ಕೆ ಬೀಸಿ ಗಾಳಿಯಾಡಿಸಿ ನೀರನ್ನು ಆರಿಸುತ್ತವೆ. ಹದ ಬಂದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಹುಳುಗಳ ಈ ಅಡುಗೆಮನೆಯನ್ನು ನಲವತ್ತು ವರ್ಷ ನೋಡಿದರೂ ನನ್ನ ಬೆರಗು ಕಡಿಮೆಯಾಗಿಲ್ಲ.

ಹೀಗೆ ಸಿದ್ಧವಾದ ಜೇನಿನ ನೂರು ಪಾಲಿನಲ್ಲಿ ಸುಮಾರು ೧೭ರಿಂದ ೨೦ ಪಾಲು ನೀರು, ಸುಮಾರು ೩೮ ಪಾಲು ಫ್ರಕ್ಟೋಸ್, ಸುಮಾರು ೩೧ ಪಾಲು ಗ್ಲೂಕೋಸ್. ಉಳಿದುದರಲ್ಲಿ ಹೆಚ್ಚಿನದು ಬೇರೆ ಜಾತಿಯ ಸಕ್ಕರೆಗಳೇ. ಆಮ್ಲ, ಖನಿಜ, ಪರಾಗ, ಕಿಣ್ವ, ಸುವಾಸನೆ ಎಂದು ನಾವು ಯಾವುದನ್ನು ಹೊಗಳುತ್ತೇವೆಯೋ ಅದು ಬಹು ಸಣ್ಣ ಅಂಶ. ಆ ಸಣ್ಣ ಅಂಶವೇ ಜೇನನ್ನು ಜೇನಾಗಿಸುತ್ತದೆ, ಸಕ್ಕರೆ ಪಾಕದಿಂದ ಬೇರೆ ಮಾಡುತ್ತದೆ ಎಂಬುದು ನಿಜ. ಆದರೆ ಕಬ್ಬಿಣ, ಸುಣ್ಣ, ಜೀವಸತ್ತ್ವಗಳಿಗಾಗಿ ಜೇನನ್ನು ನಂಬುವುದೆಂದರೆ, ಹಿತ್ತಲಲ್ಲಿ ಬೆಳೆದ ಬಸಳೆ, ಹರಿವೆ, ನುಗ್ಗೆಸೊಪ್ಪನ್ನು ಬಿಟ್ಟು ಅಂಗಡಿಯ ಸೀಸೆಯನ್ನು ಹುಡುಕಿದಂತೆ.

ಇನ್ನು ತೂಕದ ಲೆಕ್ಕ. ನೂರು ಗ್ರಾಂ ಜೇನಿನಲ್ಲಿ ಸುಮಾರು ೩೦೦ ಕ್ಯಾಲರಿ ಶಕ್ತಿಯಿದೆ; ನೂರು ಗ್ರಾಂ ಸಕ್ಕರೆಯಲ್ಲಿ ೩೯೦ರ ಹತ್ತಿರ. ಇಷ್ಟನ್ನೇ ಕೇಳಿದವರು ಜೇನು ಹಗುರವೆಂದು ತೀರ್ಮಾನಿಸುತ್ತಾರೆ. ಆದರೆ ನಾವು ತೂಕ ಹಾಕಿ ತಿನ್ನುವುದಿಲ್ಲ, ಚಮಚದಲ್ಲಿ ತಿನ್ನುತ್ತೇವೆ. ಜೇನು ಸಾಂದ್ರವಾದ ದ್ರವ. ಒಂದು ಸಣ್ಣ ಚಮಚ ಸಕ್ಕರೆ ಸುಮಾರು ೪ ಗ್ರಾಂ ತೂಗಿದರೆ ಅದೇ ಚಮಚದ ಜೇನು ಸುಮಾರು ೭ ಗ್ರಾಂ ತೂಗುತ್ತದೆ. ಆದಕಾರಣ ಒಂದು ಚಮಚ ಸಕ್ಕರೆಯಲ್ಲಿ ೧೬ ಕ್ಯಾಲರಿಯಿದ್ದರೆ ಒಂದು ಚಮಚ ಜೇನಿನಲ್ಲಿ ೨೧ ಇರುತ್ತದೆ. ಚಮಚಕ್ಕೆ ಚಮಚ ಹೋಲಿಸಿದರೆ ಜೇನೇ ಭಾರ.

ನಮ್ಮ ಸ್ನೇಹಿತರ ಲೆಕ್ಕವನ್ನು ಹಳೆಯ ಅಭ್ಯಾಸದಂತೆ ಕರಿಹಲಗೆಯ ಮೇಲೆ ಬರೆಯುವಂತೆ ಬಿಡಿಸುತ್ತೇನೆ. ದೊಡ್ಡ ಚಮಚವೊಂದಕ್ಕೆ ಸುಮಾರು ೨೧ ಗ್ರಾಂ. ನಾಲ್ಕು ಚಮಚಕ್ಕೆ ೮೪ ಗ್ರಾಂ. ಅದರ ಶಕ್ತಿ ಸುಮಾರು ೨೫೫ ಕ್ಯಾಲರಿ. ಮೂವತ್ತು ದಿನಕ್ಕೆ ೭,೬೫೦. ಮನುಷ್ಯನ ಮೈಯಲ್ಲಿ ಒಂದು ಕಿಲೋ ಕೊಬ್ಬು ಸುಮಾರು ೭,೭೦೦ ಕ್ಯಾಲರಿಗೆ ಸಮವೆಂದು ಹೇಳುತ್ತಾರೆ. ಅಂದರೆ, ಉಳಿದ ಊಟ ಕಿಂಚಿತ್ತೂ ತಗ್ಗದಿದ್ದರೆ, ಈ ಜೇನು ಕಾಗದದ ಲೆಕ್ಕದಲ್ಲಿ ತಿಂಗಳಿಗೆ ಒಂದು ಕಿಲೋ ಕೊಬ್ಬನ್ನು ಕೂಡಿಸಬಲ್ಲದು. ದೇಹವು ಕಾಗದದಂತೆ ನಡೆಯುವುದಿಲ್ಲ. ಸ್ವಲ್ಪ ಹಸಿವು ತಗ್ಗುತ್ತದೆ, ಸ್ವಲ್ಪ ಶಕ್ತಿ ವ್ಯಯವಾಗುತ್ತದೆ. ಆದರೂ ಕೂಡಿಸುವ ಲೆಕ್ಕವನ್ನು ಕಳೆಯುವ ಲೆಕ್ಕವೆಂದು ಭ್ರಮಿಸಿದರೆ ಉತ್ತರ ತಪ್ಪದೆ ಇರುತ್ತದೆಯೇ?

ಹಾಗಾದರೆ ನಮ್ಮ ಹಿರಿಯರು ಹೇಳಿದ್ದು ಸುಳ್ಳೇ ಎಂದು ತಾವು ಕೇಳಬಹುದು. ಆಯುರ್ವೇದದಲ್ಲಿ ಜೇನು ಕೊಬ್ಬನ್ನು ಕೆರೆದು ತೆಗೆಯುವ ದ್ರವ್ಯವೆಂದು ಹೇಳಿದೆಯಲ್ಲ ಎನ್ನಬಹುದು. ಹೌದು, ಹೇಳಿದೆ. ಆದರೆ ಏನೇನು ಹೇಳಿದೆ ಎಂಬುದನ್ನು ಪೂರ್ಣವಾಗಿ ಕೇಳಬೇಕು. ಸುಶ್ರುತ ಸಂಹಿತೆಯು ಹೊಸ ಜೇನಿಗೂ ಹಳೆಯ ಜೇನಿಗೂ ಭೇದವನ್ನೆಣಿಸಿ, ಹೊಸ ಜೇನು ಮೈಯನ್ನು ಪುಷ್ಟಿಗೊಳಿಸುತ್ತದೆ, ಹಳೆಯ ಜೇನೇ ಮೇದಸ್ಸನ್ನು ತಗ್ಗಿಸುವುದು ಎಂಬ ಅಭಿಪ್ರಾಯವನ್ನು ತಿಳಿಸುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲತೆಯ ಚಿಕಿತ್ಸೆ ಬರುತ್ತದೆ. ಅಲ್ಲಿ ಜೇನಿನ ಹೆಸರಿದೆ. ಜೊತೆಗೆ ಅಮೃತಬಳ್ಳಿಯಿದೆ, ತ್ರಿಫಲೆಯಿದೆ, ಯವೆಯಿದೆ, ಸಾವೆ ಹಾರಕಗಳಂತಹ ಕಿರುಧಾನ್ಯಗಳಿವೆ, ಹುರುಳಿಯಿದೆ. ವ್ಯಾಯಾಮವಿದೆ. ನಿದ್ರೆಯನ್ನು ಮಿತಗೊಳಿಸಬೇಕೆಂಬ ಮಾತೂ ಇದೆ. ನಾವು ಮಾಡಿದ್ದೇನು? ಆ ಉದ್ದವಾದ ಪಟ್ಟಿಯಲ್ಲಿ ಸಿಹಿಯಾಗಿದ್ದ ಒಂದನ್ನು ಆರಿಸಿಕೊಂಡೆವು. ಕಹಿಯನ್ನೂ ಒಗರನ್ನೂ ಬೆವರನ್ನೂ ಚರಕನಿಗೇ ಹಿಂತಿರುಗಿಸಿದೆವು. ಇದರಲ್ಲಿ ಶಾಸ್ತ್ರದ ದೋಷವಿಲ್ಲ. ನಮ್ಮ ನಾಲಿಗೆಯ ದೋಷವಿದೆ.

ಇನ್ನೊಂದು ವಿಚಿತ್ರವಿದೆ. ಬಿಸಿ ಮಾಡಿದ ಜೇನು ಅಹಿತವೆಂದು ಆಯುರ್ವೇದವು ಬಹು ಸ್ಪಷ್ಟವಾಗಿ ನಿಷೇಧಿಸಿದೆ. ಅದೇ ಆಯುರ್ವೇದದ ಹೆಸರು ಹೇಳಿ ನಾವು ಕುದಿಯುವ ನೀರಿಗೆ ಜೇನು ಸುರಿಯುತ್ತೇವೆ! ಆಧುನಿಕ ರಸಾಯನಶಾಸ್ತ್ರವು ಈ ವಿಷಯದಲ್ಲಿ ಹೇಳುವುದಿಷ್ಟು: ಕಾಯಿಸಿದರೆ ಜೇನಿನ ಕಿಣ್ವಗಳು ಕೆಡುತ್ತವೆ, ಪರಿಮಳ ಹಾರಿಹೋಗುತ್ತದೆ, ಹೈಡ್ರಾಕ್ಸಿಮೀಥೈಲ್‌ಫರ್ಫ್ಯೂರಾಲ್ ಎಂಬ ವಸ್ತುವೊಂದು ಹೆಚ್ಚುತ್ತದೆ. ಜೇನನ್ನು ಎಷ್ಟು ಕಾಯಿಸಿದ್ದಾರೆ, ಎಷ್ಟು ಕಾಲ ಇಟ್ಟಿದ್ದಾರೆ ಎಂಬುದನ್ನು ಪ್ರಯೋಗಾಲಯಗಳು ಈ ವಸ್ತುವಿನ ಪ್ರಮಾಣದಿಂದ ಅಳೆಯುತ್ತವೆ. ಉಗುರುಬೆಚ್ಚನೆಯ ನೀರಿಗೆ ಒಂದು ಚಮಚ ಜೇನು ಬೆರೆಸಿದರೆ ಅದು ವಿಷವಾಗುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ಸಕ್ಕರೆಗಿಂತ ಜೇನು ಯಾವುದರಿಂದ ಹೆಚ್ಚಿನದೋ ಅದನ್ನೇ ಬೇಯಿಸಿ ಕಳೆದ ಮೇಲೆ ಉಳಿಯುವುದು ದುಬಾರಿಯಾದ ಸಕ್ಕರೆ ಮಾತ್ರ.

ಈಗಿನ ವಿಜ್ಞಾನಿಗಳು ಜೇನನ್ನು ತಳ್ಳಿಹಾಕಿದ್ದಾರೆಂದು ತಾವು ತಿಳಿಯಬಾರದು. ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾಲಯದ ಸಂಶೋಧಕರು ೨೦೨೨ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಬೇರೆ ಬೇರೆ ಕಡೆಗಳಲ್ಲಿ ನಡೆದ ೧೮ ಪ್ರಯೋಗಗಳನ್ನೂ ಅವುಗಳಲ್ಲಿ ಭಾಗವಹಿಸಿದ ೧,೧೦೦ಕ್ಕೂ ಮಿಕ್ಕ ಜನರನ್ನೂ ಅದು ಒಳಗೊಂಡಿತ್ತು. ಒಟ್ಟಿನಲ್ಲಿ ಒಳ್ಳೆಯ ಆಹಾರಕ್ರಮವನ್ನು ಇಟ್ಟುಕೊಂಡವರಲ್ಲಿ ಜೇನಿನಿಂದ ಬರಿಹೊಟ್ಟೆಯ ರಕ್ತದ ಸಕ್ಕರೆಯೂ, ಕೆಟ್ಟದೆನಿಸುವ ಕೊಲೆಸ್ಟರಾಲೂ ತುಸು ತಗ್ಗಿದಂತೆ ಕಂಡುಬಂತು. ಕಾಯಿಸದ, ಒಂದೇ ಬಗೆಯ ಹೂವಿನ ಜೇನಿನಲ್ಲಿ ಇದು ಹೆಚ್ಚಾಗಿ ತೋರಿತು. ಆದರೆ ಆ ಸಂಶೋಧಕರೇ ಎಚ್ಚರಿಸಿದಂತೆ, ಈ ಸಾಕ್ಷ್ಯ ಇನ್ನೂ ಗಟ್ಟಿಯಾದುದಲ್ಲ; ಸಿಹಿ ತಿನ್ನದವರು ಇದಕ್ಕಾಗಿ ಜೇನನ್ನು ಹೊಸದಾಗಿ ಆರಂಭಿಸಬೇಕಾಗಿಯೂ ಇಲ್ಲ. ಸಕ್ಕರೆ ತಿನ್ನುವವರು ಅದರ ಬದಲಿಗೆ ಜೇನನ್ನು ಬಳಸಬಹುದು ಎಂಬುದೇ ಅದರ ತಾತ್ಪರ್ಯ. "ಬದಲಿಗೆ" ಎಂಬ ಈ ಪದವನ್ನು ತಾವು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಡಿಯ ಭಾಷಣದಲ್ಲಿ ಒಂದೇ ಪದವನ್ನು ಮನೆಗೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ. ಸಕ್ಕರೆಯ ಬದಲಿಗೆ ಜೇನು ಎಂಬುದು ಒಂದು. ಸಕ್ಕರೆಯ ಜೊತೆಗೆ ಜೇನು ಎಂಬುದು ತೀರ ಬೇರೆ.

ಹಾಗಾದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಇದಕ್ಕೆ ಒಂದು ಅಳತೆಯನ್ನು ಕೊಟ್ಟಿದೆ. ದಿನದ ಒಟ್ಟು ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಮಾತ್ರ ಇಂತಹ ಬಿಡಿ ಸಕ್ಕರೆಗಳಿಂದ ಬರಬೇಕು. ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ಎರಡು ಸಾವಿರ ಕ್ಯಾಲರಿ ಉಣ್ಣುವವನಿಗೆ ಮೊದಲನೆಯ ಮಿತಿ ೫೦ ಗ್ರಾಂ, ಎರಡನೆಯದು ೨೫ ಗ್ರಾಂ, ಅಂದರೆ ಸುಮಾರು ಆರು ಸಣ್ಣ ಚಮಚ ಸಕ್ಕರೆ. ಇಲ್ಲಿ ಗಮನಿಸಬೇಕಾದುದೆಂದರೆ, ಈ ಸಂಸ್ಥೆಯು ಬಿಡಿ ಸಕ್ಕರೆಗಳ ಪಟ್ಟಿಯಲ್ಲಿ ಜೇನಿನ ಹೆಸರನ್ನು ಸ್ಪಷ್ಟವಾಗಿ ಸೇರಿಸಿದೆ. ಚಹಾದ ಸಕ್ಕರೆ, ಪಾಯಸದ ಬೆಲ್ಲ, ಬಿಸ್ಕತ್ತು, ಬಾಟಲಿಯ ಪಾನೀಯ, ಹಣ್ಣಿನ ರಸ, ಜೇನು, ಇವೆಲ್ಲ ಒಂದೇ ಖಾತೆಯವು. ನಮ್ಮ ಸ್ನೇಹಿತರ ಜೇನೊಂದೇ ದಿನಕ್ಕೆ ೬೫ ಗ್ರಾಂಗೂ ಮಿಕ್ಕಿ ಸಕ್ಕರೆಯನ್ನು ಒದಗಿಸುತ್ತಿತ್ತು. ಚಹಾದ ಸಕ್ಕರೆ ಅದರ ಮೇಲಿನ ಬಡ್ಡಿ.

ಆದುದರಿಂದ ಆರೋಗ್ಯವಂತರಾದ ದೊಡ್ಡವರಿಗೆ ನನ್ನ ಸಲಹೆ ಸರಳವಾದುದು. ದಿನಕ್ಕೆ ಒಂದೆರಡು ಸಣ್ಣ ಚಮಚ ಜೇನು ಸಾಕು. ಅಷ್ಟೇ ಸಕ್ಕರೆಯನ್ನು ಬೇರೆ ಕಡೆಯಿಂದ ಕಳೆಯಬೇಕು. ಬೆಳಗಿನ ನೀರುದೋಸೆಗೆ ರವೆಬೆಲ್ಲ ಹಚ್ಚುವವರು ಒಂದು ಚಮಚ ಜೇನು ಹಚ್ಚಿಕೊಳ್ಳಲಿ. ಜೇನಿಗೆ ಸಕ್ಕರೆಗಿಲ್ಲದ ಒಂದು ಅನುಕೂಲವಿದೆ: ಅದಕ್ಕೆ ರುಚಿಯೂ ಕಂಪೂ ಉಂಟು. ನಾಲಿಗೆಗೆ ಸ್ವಲ್ಪದರಲ್ಲೇ ತೃಪ್ತಿಯಾಗುತ್ತದೆ, ನಿಧಾನವಾಗಿ ಸವಿದವರಿಗೆ ಮಾತ್ರ. ಗಟಗಟನೆ ನೀರಿನೊಡನೆ ಕುಡಿದವರಿಗೆ ಆ ಅನುಕೂಲವೂ ಇಲ್ಲ. ತೂಕ ಇಳಿಯಬೇಕೆನ್ನುವವರು ಅನ್ನದ ರಾಶಿಯನ್ನು ತುಸು ತಗ್ಗಿಸಿ ತರಕಾರಿಯನ್ನು ಹೆಚ್ಚಿಸಬೇಕು, ಸಂಜೆಯ ಕರಿದ ತಿಂಡಿಯನ್ನು ಬಿಡಬೇಕು, ದಿನವೂ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಬೇಕು. ಇದರಲ್ಲಿ ಹೊಸತೇನೂ ಇಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಗಾದೆ ಎಂದೋ ಹೇಳಿಬಿಟ್ಟಿದೆ.

ಸಕ್ಕರೆ ಕಾಯಿಲೆಯಿರುವವರಿಗೆ ಒಂದು ಮಾತು. ಜೇನು ಪ್ರಕೃತಿದತ್ತವಾದುದು, ಆದುದರಿಂದ ನಮಗೆ ಬಾಧಕವಿಲ್ಲ ಎಂದು ಎಷ್ಟೋ ಮಂದಿ ನನ್ನಲ್ಲಿ ವಾದಿಸಿದ್ದಾರೆ. ಜೇನು ರಕ್ತದ ಸಕ್ಕರೆಯನ್ನು ಏರಿಸುವ ವೇಗ ಸಕ್ಕರೆಗಿಂತ ಸ್ವಲ್ಪ ಕಡಿಮೆಯಿರಬಹುದು. ಅದೂ ಹೂವಿನಿಂದ ಹೂವಿಗೆ ಬೇರೆಯಾಗುತ್ತದೆ. ಆದರೆ ಏರಿಸುವುದಂತೂ ನಿಶ್ಚಯ. ಈ ಕಾಯಿಲೆಗೆ ಹಿಂದಿನವರು ಇಟ್ಟ ಹೆಸರೇ ಮಧುಮೇಹ. ಮಧು ಎಂದರೆ ಜೇನೆಂಬುದನ್ನು ನಾವು ಮರೆಯಬಾರದು. ವೈದ್ಯರನ್ನು ಕೇಳದೆ, ರಕ್ತವನ್ನು ಪರೀಕ್ಷಿಸದೆ, ಔಷಧಿಯ ಸ್ಥಾನದಲ್ಲಿ ಜೇನನ್ನು ಇಡುವುದು ಸರ್ವಥಾ ಕೂಡದು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಎಚ್ಚರಿಕೆಯನ್ನು ತಾಯಂದಿರಿಗೂ ಅಜ್ಜಿಯರಿಗೂ ಕೈಮುಗಿದು ಹೇಳುತ್ತೇನೆ. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ಕೊಡಲೇಬಾರದು, ಒಂದು ಹನಿಯನ್ನೂ ಕೊಡಬಾರದು. ಬಾಟ್ಯುಲಿಸಂ ಎಂಬ ರೋಗದ ಜೀವಾಣುವಿನ ಬೀಜಕಣಗಳು ಎಷ್ಟು ಶುದ್ಧವಾದ ಜೇನಿನಲ್ಲಿಯೂ ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಗೊಡದು. ಹಸುಳೆಯ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಲ್ಲಿ ಅವು ಮೊಳೆತು ವಿಷವನ್ನು ಉತ್ಪತ್ತಿ ಮಾಡಿದರೆ ಮಗು ಮೊಲೆಯುಣ್ಣಲಾರದು, ಕೂಗು ಕ್ಷೀಣವಾಗುತ್ತದೆ, ಕೈಕಾಲು ಸೋಲುತ್ತವೆ, ಉಸಿರಾಟವೇ ನಿಲ್ಲುವ ಅಪಾಯವಿದೆ. ಹಸುಳೆಗಳ ಈ ರೋಗವನ್ನು ವೈದ್ಯರು ಪ್ರತ್ಯೇಕವಾಗಿ ಗುರುತಿಸಿದ್ದು ೧೯೭೬ರಲ್ಲಿ; ಆದ್ದರಿಂದ ನಮ್ಮ ಹಿರಿಯರಿಗೆ ಇದು ತಿಳಿದಿರಲಿಲ್ಲವೆಂಬುದು ಅವರ ತಪ್ಪಲ್ಲ. ಜೇನನ್ನು ಕುದಿಸಿದರೂ ಈ ಬೀಜಕಣಗಳು ಸಾಯುವುದಿಲ್ಲ. ನಮ್ಮ ಮನೆಯಲ್ಲಿ ಮೊಮ್ಮಗ ಹುಟ್ಟಿದಾಗ, ಚಿನ್ನದ ಉಂಗುರದಿಂದ ನಾಲಿಗೆಗೆ ಜೇನು ಮುಟ್ಟಿಸಬೇಕೆಂದು ನನ್ನ ಅಕ್ಕನವರು ಹಟ ಹಿಡಿದರು. ಜೇನು ಸಾಕುವವನ ಮನೆಯಲ್ಲೇ ಜೇನಿಲ್ಲವೇ ಎಂದು ಕಣ್ಣೀರು ಹಾಕಿದರು. ಕೊನೆಗೆ ಪುರೋಹಿತರೇ ಉಪಾಯ ಹೇಳಿದರು. ಉಂಗುರವನ್ನು ತಾಯಿಯ ಹಾಲಿನಲ್ಲಿ ಅದ್ದಿ ಮುಟ್ಟಿಸಿದೆವು. ಶಾಸ್ತ್ರವೂ ಉಳಿಯಿತು, ಮಗುವೂ ಸುಖವಾಗಿದೆ. ಆ ಮಗುವಿಗೆ ವರ್ಷ ತುಂಬಿದ ಮೇಲೆ ಮೊದಲ ಜೇನನ್ನು ತಿನ್ನಿಸಿದವರು ನಮ್ಮ ಅಕ್ಕನವರೇ.

ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ನೆಗಡಿಯ ಕೆಮ್ಮಿಗೆ ಜೇನು ಹಿತಕರವೆಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಮಲಗುವ ಮುನ್ನ ಒಂದು ಸಣ್ಣ ಚಮಚ ಜೇನು ಕೊಟ್ಟರೆ ಗಂಟಲಿನ ಕೆರೆತ ಶಮನವಾಗಿ ನಿದ್ರೆ ಬರುತ್ತದೆ. ಇದು ನಮ್ಮ ಅಜ್ಜಿಯರಿಗೆ ತಿಳಿದದ್ದೇ.

ಇನ್ನು ಶುದ್ಧತೆಯ ವಿಷಯ. ಸೀಸೆಯಲ್ಲಿ ಜೇನು ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆಂದು ಜನ ದೂರುತ್ತಾರೆ. ಇದು ನಿಜವಲ್ಲ. ಗ್ಲೂಕೋಸ್ ಹೆಚ್ಚಿರುವ ಶುದ್ಧ ಜೇನು ತಾನಾಗಿಯೇ ಹರಳುಗಟ್ಟುತ್ತದೆ. ನಮ್ಮ ಸುತ್ತಮುತ್ತ ರಬ್ಬರ್ ತೋಟಗಳು ಹೆಚ್ಚಿವೆ. ಎಲೆ ಉದುರಿ ಜನವರಿಯಿಂದ ಮಾರ್ಚಿಯವರೆಗೆ ಹೊಸ ಚಿಗುರು ಬರುವಾಗ, ಹೂವಿನಲ್ಲಲ್ಲ, ಎಲೆಯ ತೊಟ್ಟಿನ ತುದಿಯಲ್ಲಿ ಮಧುರಸ ಒಸರುತ್ತದೆ. ಆ ಜೇನು ಬೇಗನೆ ಹರಳಾಗುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ನೀರಿನ ಲೋಟಕ್ಕೆ ಹನಿಸಿ ನೋಡುವುದು, ಬತ್ತಿಗೆ ಅದ್ದಿ ಉರಿಸುವುದು, ಇರುವೆ ಮುತ್ತುತ್ತದೆಯೇ ಎಂದು ಕಾಯುವುದು, ಇವಾವುವೂ ನಂಬತಕ್ಕ ಪರೀಕ್ಷೆಗಳಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ೨೦೨೦ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ, ಮಾರುಕಟ್ಟೆಯ ೧೩ ಹೆಸರುಗಳ ಜೇನಿನಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದವು ಮೂರು ಮಾತ್ರ. ಸಾಮಾನ್ಯ ಪರೀಕ್ಷೆಗೆ ಸಿಕ್ಕದಂತೆ ಸಕ್ಕರೆ ಪಾಕವನ್ನು ಬೆರೆಸುವ ವಿದ್ಯೆ ಬೆಳೆದಿದೆಯೆಂಬುದು ಅದರ ಆರೋಪ. ಮಾರಾಟಗಾರರು ಅದನ್ನು ಅಲ್ಲಗಳೆದರು. ಮನೆಯ ಲೋಟ ಇದನ್ನು ಕಂಡುಹಿಡಿಯಲಾರದು. ಗುರುತಿರುವ ಸಾಕಣೆಗಾರನಿಂದ, ಮುಚ್ಚಳ ಕಟ್ಟಿದ ಎರಿಯ ಮಾಗಿದ ಜೇನನ್ನು ಕೊಳ್ಳುವುದೇ ಕ್ಷೇಮ. ಆದರೆ ಒಂದನ್ನು ನೆನಪಿಡಿ. ಜೇನು ಶುದ್ಧವಾದರೆ ಮೋಸ ಹೋಗಲಿಲ್ಲವೆಂಬ ಸಮಾಧಾನ ಉಂಟು, ಕ್ಯಾಲರಿ ಕಡಿಮೆಯಾಗುವುದಿಲ್ಲ. ನಮ್ಮ ಸ್ನೇಹಿತರು ಕುಡಿದದ್ದು ಅಪ್ಪಟ ಶುದ್ಧ ಜೇನು.

ನಮ್ಮ ಹಿರಿಯರು ಜೇನು ತಿಂದು ದಪ್ಪವಾಗಲಿಲ್ಲ, ಏಕೆ? ಅದರ ಉತ್ತರ ನಮ್ಮ ಅಜ್ಜಿಯ ಅಟ್ಟದ ಮೇಲಿತ್ತು. ಅಲ್ಲಿ ಒಂದು ಸಣ್ಣ ಭರಣಿ. ಕಾಡಿನ ಹೆಜ್ಜೇನೋ, ತೋಟದ ತುಡುವೆಯೋ, ಗೋಡೆಯ ಸಂದಿನ ಮುಜಂಟಿಯೋ, ವರ್ಷಕ್ಕೆ ಸಿಕ್ಕಿದಷ್ಟೇ ಜೇನು. ತೇಯ್ದ ಮದ್ದಿಗೆ ಅನುಪಾನವಾಗಿ ಉಂಗುರದ ಬೆರಳಿನ ತುದಿಯಷ್ಟು. ಕೇಳಿದರೆ ಇನ್ನೊಂದು ಬೆರಳಿನಷ್ಟು. ಮೂರನೆಯ ಸಲ ಕೇಳಿದರೆ ಗದರಿಕೆ. ೧೯೯೧-೯೨ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳು ಬಹುಪಾಲು ನಾಶವಾದಾಗ, ನಮ್ಮ ತೋಟದಲ್ಲಿಯೂ ಮರಿಹುಳುಗಳು ಕೋಶದಲ್ಲೇ ಸತ್ತು ಪೆಟ್ಟಿಗೆಗಳೆಲ್ಲ ಬರಿದಾದವು. ಆ ವರ್ಷ ಒಂದು ಸೀಸೆ ಜೇನನ್ನು ಮನೆಮಂದಿಯೆಲ್ಲ ಎರಡು ವರ್ಷ ಬಳಸಿದೆವು. ದುರ್ಲಭವಾಗಿದ್ದುದರಿಂದ ಜೇನಿಗೆ ಅಳತೆಯಿತ್ತು. ಅಳತೆಯಿದ್ದುದರಿಂದ ಅದು ಔಷಧವಾಗಿತ್ತು. ಈಗ ಸೀಸೆಗಳು ಎಲ್ಲ ಅಂಗಡಿಗಳಲ್ಲಿ ಸಾಲಾಗಿ ನಿಂತಿವೆ. ಹಿರಿಯರ ನಂಬಿಕೆಯನ್ನು ಉಳಿಸಿಕೊಂಡೆವು, ಹಿರಿಯರ ಬೆರಳನ್ನು ಮರೆತೆವು.

ಗಡಿನಾಡಿನವರಾದ ನಮಗೆ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಸಹಜವಾಗಿ ಬಂದಿದೆ. ಮಲೆಯಾಳದಲ್ಲಿಯೂ ತಮಿಳಿನಲ್ಲಿಯೂ ತೇನ್, ತೆಲುಗಿನಲ್ಲಿ ತೇನೆ, ನಮ್ಮಲ್ಲಿ ಜೇನು. ಒಂದೇ ಬೇರಿನ ಚಿಗುರುಗಳು. ಆದರೆ ಕನ್ನಡವು ಅದಕ್ಕೆ ಇನ್ನೊಂದು ಮಾತನ್ನು ಕೂಡಿಸಿ ಜೇನುತುಪ್ಪ ಎಂದಿತು. ಆ ತುಪ್ಪವೆಂಬ ಮಾತಿನಲ್ಲಿ ನನಗೆ ಒಂದು ಬುದ್ಧಿವಾದ ಕೇಳಿಸುತ್ತದೆ. ತುಪ್ಪವನ್ನು ಯಾರೂ ಲೋಟದಲ್ಲಿ ಕುಡಿಯುವುದಿಲ್ಲ. ಎಲೆಯ ಮೇಲೆ ಮಿಳ್ಳೆಯಿಂದ ಬಡಿಸುತ್ತೇವೆ. ಅಷ್ಟರಿಂದಲೇ ಊಟಕ್ಕೆ ಕಳೆ ಬರುತ್ತದೆ. ಜೇನನ್ನೂ ಮಿಳ್ಳೆಯಿಂದಲೇ ಬಡಿಸೋಣ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಬೇರೆ ಯಾವುದಕ್ಕಿಂತಲೂ ಜೇನಿಗೆ ಚೆನ್ನಾಗಿ ಒಪ್ಪುತ್ತದೆ.

ನಮ್ಮ ಸ್ನೇಹಿತರು ಈಗ ಮಾತ್ರೆ ಸೇವಿಸುತ್ತಾರೆ, ಅಂಗಡಿ ತೆರೆಯುವ ಮುನ್ನ ದಿನವೂ ಮೂರು ಮೈಲಿ ನಡೆಯುತ್ತಾರೆ. ಕಾಲಿನ ಗಾಯ ಮಾಯಿದೆ, ತೂಕ ಇಳಿದಿದೆ. ಇಂದು ಈ ಸಭೆಯ ಹಿಂದಿನ ಸಾಲಿನಲ್ಲಿ ಅವರು ಕುಳಿತಿದ್ದಾರೆ. ಅವರ ಅನುಮತಿ ಪಡೆದೇ ಈ ಕಥೆಯನ್ನು ಹೇಳಿದೆ. ನನ್ನಲ್ಲಿ ಜೇನು ಕೊಳ್ಳಲು ಬರುವವರನ್ನು ಈಗ ಮೂರು ಪ್ರಶ್ನೆ ಕೇಳುತ್ತೇನೆ: ಯಾರಿಗೆ? ಯಾತಕ್ಕೆ? ಎಷ್ಟು? ಇದರಿಂದ ನನ್ನ ವ್ಯಾಪಾರ ಸ್ವಲ್ಪ ತಗ್ಗಿದೆ, ನಿದ್ರೆ ಚೆನ್ನಾಗಿ ಬರುತ್ತಿದೆ.

ಹುಳುಗಳು ಎಷ್ಟೋ ಸಾವಿರ ಹೂಗಳ ಬಾಗಿಲು ತಟ್ಟಿ ಕೂಡಿಸಿದ ಸೀಸೆಯನ್ನು ಒಂದು ತಿಂಗಳಲ್ಲಿ ಬರಿದುಮಾಡುವುದು ಹುಳುವಿಗೂ ಅನ್ಯಾಯ, ನಮ್ಮ ಒಡಲಿಗೂ ಅನ್ಯಾಯ. ಸವಿಯೋಣ, ಮಿತವಾಗಿ ಸವಿಯೋಣ, ಸಕ್ಕರೆಯ ಬದಲಿಗೆ ಸವಿಯೋಣ.